ಮಂಚದಂಗಡಿಯ ಮೂವತ್ತು ಸೆಕೆಂಡು

ನಂಜನಗೂಡಿನಲ್ಲಿ ಈಗ ಅಂಗಡಿಗೊಬ್ಬರಂತೆ ಜಾಹೀರಾತು ಮಾಡುವವರಿದ್ದಾರೆ. ಕೈಯಲ್ಲೊಂದು ಫೋನು, ಕಾಲರಿಗೆ ಸಿಕ್ಕಿಸುವ ಮೈಕು, ಅಷ್ಟೇ ಬಂಡವಾಳ. ಬೆಳಿಗ್ಗೆ ತೆಗೆದದ್ದನ್ನು ಮಧ್ಯಾಹ್ನದ ಊಟದೊಳಗೆ ಊರಿಗೆಲ್ಲ ತೋರಿಸಿಬಿಡುತ್ತಾರೆ. ಅವರಲ್ಲಿ ಕೆಲವರು ನಾನು ಟೀ ಕುಡಿಯುವ ಹೋಟೆಲಿಗೇ ಬಂದು, 'ಅಂಕಲ್, ನಿಮ್ ಕಾಲದಲ್ಲಿ ಹೆಂಗ್ ಮಾಡ್ತಿದ್ರಿ? ಜನ ಇನ್ನೂ ನಿಮ್ ಡೈಲಾಗ್ ಹೇಳ್ತಾರಲ್ಲ' ಎಂದು ಕೇಳುತ್ತಾರೆ. ಕೇಬಲ್ ಟೀವಿಗೆ ಮೂವತ್ತೊಂದು ವರ್ಷ ಜಾಹೀರಾತು ಬರೆದು, ಧ್ವನಿ ಕೊಟ್ಟು, ಕತ್ತರಿಸಿ ಅಂಟಿಸಿದವನು ನಾನು. ಮೂವತ್ತು ಸೆಕೆಂಡಿನಲ್ಲಿ ನಗಿಸುವುದು ಹೇಗೆಂದು ಚೆನ್ನಾಗಿ ಗೊತ್ತು. ಅದನ್ನು ಹೇಳುತ್ತೇನೆ. ಜೊತೆಗೆ, ಹಾಗೆ ನಗಿಸಲು ಹೋಗಿ ನಾನು ಕೆಡಿಸಿದ ಒಬ್ಬ ಮನುಷ್ಯನ ವಿಷಯವನ್ನೂ ಹೇಳಬೇಕು. ಅವನ ಎದುರು ಕೂತು ತಪ್ಪು ಒಪ್ಪಿಕೊಳ್ಳಲು ನನಗೆ ಹತ್ತೊಂಬತ್ತು ವರ್ಷ ಬೇಕಾಯಿತು.

ನಾನು ಬಿಳಿಗೆರೆಯ ಕಡೆಯವನು. ಮನೆಯಲ್ಲಿ ಅಣ್ಣನಿಗೆ ಬೇಸಾಯ, ನನಗೆ ಓದು ಎಂದು ಹಂಚಿದ್ದರು. ಓದು ಪಿಯುಸಿಗೆ ನಿಂತಿತು. ಹಳ್ಳಿಯ ನಾಟಕಗಳಲ್ಲಿ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುತ್ತಿದ್ದ ನನ್ನ ಗಂಟಲು ಒಮ್ಮೆ ಮಾದಪ್ಪನವರ ಕಿವಿಗೆ ಬಿತ್ತು. ನಂಜನಗೂಡು, ಟಿ. ನರಸೀಪುರ ಎರಡೂ ಊರಿಗೆ ಕೇಬಲ್ ಎಳೆಸಿದ್ದವರು ಅವರು. ಸಂಬಳ ಎಷ್ಟೆಂದು ಕೇಳುವ ಮೊದಲೇ ಹೋಗಿ ಸೇರಿಕೊಂಡೆ.

ಆಫೀಸು ಒಂದು ಫ್ಲೋರ್ ಮಿಲ್ಲಿನ ಮಹಡಿಯ ಮೇಲಿತ್ತು. ಕರೆಂಟಿದ್ದರೆ ಕೆಳಗೆ ಮಿಲ್ಲಿನ ಸದ್ದು. ಕರೆಂಟು ಹೋದರೆ ಮಿಲ್ಲೂ ಇಲ್ಲ, ರೆಕಾರ್ಡರೂ ಇಲ್ಲ. ಮಿಲ್ಲಿನವನು ಊಟಕ್ಕೆ ಹೋಗುವ ಮುಕ್ಕಾಲು ಗಂಟೆಯೇ ನಮ್ಮ ಸ್ಟುಡಿಯೋ ಸಮಯ. ಕಿಟಕಿಗೆ ಗೋಣಿಚೀಲ ಕಟ್ಟಿ, ಫ್ಯಾನು ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ 'ಬನ್ನಿ, ನೋಡಿ, ಆನಂದಿಸಿ' ಎನ್ನುತ್ತಿದ್ದೆ. ಎರಡು ವಿಸಿಆರ್ ಅಕ್ಕಪಕ್ಕ ಇಟ್ಟು, ಒಂದರಲ್ಲಿ ಓಡಿಸಿ ಇನ್ನೊಂದರಲ್ಲಿ ಹಿಡಿಯುವುದೇ ಎಡಿಟಿಂಗು. ಬೆರಳು ಅರ್ಧ ಸೆಕೆಂಡು ತಡವಾದರೆ ಚಿನ್ನದಂಗಡಿಯ ಮದುಮಗಳ ಬಾಯಿಂದ ಗೊಬ್ಬರದ ಹೆಸರು ಬರುತ್ತಿತ್ತು.

ಅಂಥ ಎಡವಟ್ಟುಗಳಿಗೆ ಲೆಕ್ಕವಿಲ್ಲ. ಹಲ್ಲಿನ ಡಾಕ್ಟರೊಬ್ಬರ ಜಾಹೀರಾತು ನೆನಪಾಗುತ್ತದೆ. ಮೊದಲು ಕರೆಗಟ್ಟಿದ ಹಲ್ಲು, ಆಮೇಲೆ ಫಳಫಳ ಹೊಳೆಯುವ ಹಲ್ಲು, ಮಧ್ಯದಲ್ಲಿ ಡಾಕ್ಟರ ನಗುಮುಖ. ನಾನು ಹಿಂದುಮುಂದಾಗಿ ಅಂಟಿಸಿದ್ದೆ. ಮುತ್ತಿನಂಥ ಹಲ್ಲಿನವನು ಆಸ್ಪತ್ರೆಯೊಳಗೆ ಹೋಗಿ, ಕರೆಗಟ್ಟಿದ ಹಲ್ಲಿನಲ್ಲಿ ಹೊರಬಂದು ಹೆಬ್ಬೆರಳು ಎತ್ತುತ್ತಿದ್ದ. ಎರಡು ದಿನ ಓಡಿದ ಮೇಲೆ ಡಾಕ್ಟರು ಮಹಡಿ ಹತ್ತಿ ಬಂದರು. 'ಏನ್ರೀ, ನಾನೇನು ಹಲ್ಲು ಕೆಡಿಸೋ ಡಾಕ್ಟರಾ?' ಎಂದು ಕೂಗಾಡಿದರು. ಮಾದಪ್ಪನವರು ಕುರ್ಚಿಯಿಂದ ಏಳಲೂ ಇಲ್ಲ. 'ಊರೆಲ್ಲ ನಿಮ್ ಇಸ್ಯಾನೇ ಮಾತಾಡ್ತಾವ್ರೆ ಬುಡಿ ಸಾ' ಎಂದರು. ಡಾಕ್ಟರು ನೀರು ಕುಡಿದು ಹೋದರು.

ಮಾದಪ್ಪನವರಿಗೆ ಬರೆಯಲು ಬರುತ್ತಿರಲಿಲ್ಲ, ಆದರೆ ಬರೆದದ್ದರಲ್ಲಿ ಯಾವುದು ಓಡುತ್ತದೆಂದು ಮೂಗಿನಲ್ಲೇ ಹೇಳುತ್ತಿದ್ದರು. 'ನಗ್ಸುದ್ರೆ ಜನ ನೆನ್ಪಿಟ್ಕತಾರೆ ಕಣ್ಲಾ ರುದ್ರ. ಅಳ್ಸಕ್ಕೆ ಧಾರಾವಾಹಿ ಅವೆ' ಎನ್ನುವುದು ಅವರ ಮಾತು. ನಾನು ನಗಿಸಿದೆ. ಕುಡುಕನನ್ನು ಇಟ್ಟು ನಗಿಸಿದೆ, ಅತ್ತೆಯನ್ನು ಇಟ್ಟು ನಗಿಸಿದೆ, ದಪ್ಪಗಿರುವವರನ್ನು ಇಟ್ಟು ನಗಿಸಿದೆ. ಆಗೆಲ್ಲ ಯಾರಾದರೊಬ್ಬರು ಜಗಳಕ್ಕೆ ಬರುತ್ತಿದ್ದರು. ಕ್ಷೌರಿಕರ ಮೇಲೆ ಒಂದು ಹಾಸ್ಯ ಮಾಡಿದಾಗ ಅಷ್ಟೂ ಜನ ಅಂಗಡಿ ಮುಚ್ಚಿ ಮಹಡಿ ಹತ್ತಿ ಬಂದರು. ಒಂದು ತಿಂಗಳು ಊರಲ್ಲಿ ನನಗೆ ಕ್ಷೌರವಿಲ್ಲ. ಅತ್ತೆಯರು ಫೋನು ಮಾಡಿ ಬೈದರು. ಒಮ್ಮೆ ಒಬ್ಬ ಕುಡುಕನೂ ಬಂದು, ತೂರಾಡುತ್ತಲೇ, 'ನಾವು ಅಂಗೆಲ್ಲ ತೂರಾಡಕ್ಕಿಲ್ಲ' ಎಂದು ಹೇಳಿ ಹೋದ.

ಜಗಳಕ್ಕೆ ಯಾರೂ ಬಾರದ ಹಾಸ್ಯ ಒಂದೇ ಒಂದಿತ್ತು. ಅದು ಹೆಣ್ಣಿನ ಹಾಗೆ ಬಳುಕುವ ಗಂಡಸಿನ ಹಾಸ್ಯ. ದೊಡ್ಡ ಚಾನೆಲ್ಲುಗಳ ಜಾಹೀರಾತಿನಲ್ಲೂ ಅವನು ಇದ್ದೇ ಇರುತ್ತಿದ್ದ. ಮೇಕಪ್ ಮಾಡುವವನಾಗಿ ಬರುತ್ತಿದ್ದ, ಬಟ್ಟೆಯ ಡಿಸೈನರಾಗಿ ಬರುತ್ತಿದ್ದ. ಇಲ್ಲವೇ ಇಬ್ಬರು ಗೆಳೆಯರು ನಿದ್ದೆಗಣ್ಣಿನಲ್ಲಿ ತಬ್ಬಿಕೊಂಡು, ಎಚ್ಚರವಾದೊಡನೆ ಹಾವು ಕಂಡವರಂತೆ ದೂರ ಹಾರುತ್ತಿದ್ದರು. ಕಸುಬಿನ ಗುಟ್ಟೊಂದನ್ನು ಹೇಳುತ್ತೇನೆ, ಕೇಳಿ. ಆ ಹಾಸ್ಯದಲ್ಲಿ ನಗು ಬಳುಕುವವನಲ್ಲಿಲ್ಲ, ಅವನನ್ನು ನೋಡುವ ಮೂರನೆಯವನ ಮುಖದಲ್ಲಿದೆ. ಅಂಗಡಿಯವನೋ ವಾಚ್‌ಮನ್ನೋ ಕಣ್ಣರಳಿಸಿ, ಬಾಯಿ ತೆರೆದು ನಿಂತಿರುತ್ತಾನೆ. ಸರಿಯಾದ ಕ್ಷಣಕ್ಕೆ ಆ ಮುಖಕ್ಕೆ ಕತ್ತರಿಸಿದಿರೋ, ಮನೆಮಂದಿಯೆಲ್ಲ ನಗುತ್ತಾರೆ. ನಾನು ಅದರಲ್ಲಿ ಪಳಗಿದ್ದೆ. ಯಾರೂ ಜಗಳಕ್ಕೆ ಏಕೆ ಬರುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಬಂದವನು ತಾನು ಅಂಥವನೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ನಾನೂ ಅಂಥವನೇ. ಪತ್ರಿಕೆಗಳಲ್ಲಿ ಈಗ ಸಲಿಂಗಪ್ರೇಮಿ ಎಂದು ಬರೆಯುತ್ತಾರೆ; ನಮ್ಮ ಕಾಲದಲ್ಲಿ ನಮ್ಮೂರಲ್ಲಿ ಅದಕ್ಕೆ ಬೈಗುಳ ಮಾತ್ರ ಇತ್ತು. ನನ್ನ ನಡಿಗೆ, ಮಾತು ಎಲ್ಲ ಅಣ್ಣನ ಹಾಗೇ ಇರುವುದರಿಂದ ಯಾರಿಗೂ ಗೊತ್ತಾಗಲಿಲ್ಲ. ಅಣ್ಣ ನಾಲ್ಕು ಕಡೆ ಹೆಣ್ಣು ತೋರಿಸಿದ. ಕೇಬಲ್ ಕೆಲಸಕ್ಕೆ ಹೊತ್ತುಗೊತ್ತಿಲ್ಲ, ಹೆಣ್ಣಿಗೆ ಮೋಸವಾಗುತ್ತದೆ ಎಂದು ತಪ್ಪಿಸಿಕೊಂಡೆ. ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಒಂಟಿ ಕೋಣೆ, ಸ್ಟವ್ವು, ಒಂದು ತಟ್ಟೆ, ಒಂದು ಲೋಟ. ಇದನ್ನು ಓದಿ ಮನೆಯವರಿಗೆ ತಿಳಿದರೆ ತಿಳಿಯಲಿ. ಮುಚ್ಚಿಟ್ಟು ಮುಚ್ಚಿಟ್ಟು ನನಗೆ ಸಾಕಾಗಿದೆ.

ಇನ್ನು ಶ್ರೀಕಂಠನ ವಿಷಯ. ಅವನು ತಾಂಡವಪುರದವನು. ನಮ್ಮ ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದ. ಸೀರೆ ಅಂಗಡಿಯ ಪದ್ಧತಿ ನಿಮಗೆ ಗೊತ್ತಲ್ಲ, ಗಿರಾಕಿ ಹೆಂಗಸರಿಗೆ ಸೆರಗು ಹೇಗೆ ಕಾಣುತ್ತದೆಂದು ತೋರಿಸಲು ಸೇಲ್ಸ್‌ಮನ್ನೇ ಅದನ್ನು ತನ್ನ ಹೆಗಲ ಮೇಲೆ ಹಾಕಿಕೊಳ್ಳುತ್ತಾನೆ. ಎಲ್ಲರೂ ಮಾಡುವುದೇ. ಆದರೆ ಶ್ರೀಕಂಠ ಹಾಕಿಕೊಂಡರೆ ಸೀರೆಗೆ ಜೀವ ಬರುತ್ತಿತ್ತು. ಎಡ ಹೆಗಲಿಗೆ ಸೆರಗು ಬಿಟ್ಟು, ಎರಡು ಬೆರಳಿನಿಂದ ಅಂಚನ್ನು ಮೆಲ್ಲಗೆ ಸವರಿ, ಕತ್ತು ಒಂದಿಷ್ಟು ವಾಲಿಸಿ, ಒಂದು ಗಳಿಗೆ ತಡೆದು ಆಮೇಲೆ ಕಣ್ಣೆತ್ತಿ ಗಿರಾಕಿಯನ್ನು ನೋಡುತ್ತಿದ್ದ. ಹೆಂಗಸರು ಬೇರೆಯವರ ಮುಂದೆ ಕೂರುತ್ತಲೇ ಇರಲಿಲ್ಲ, 'ಶ್ರೀಕಂಠಣ್ಣ ಬರ್ಲಿ' ಎಂದು ಕಾಯುತ್ತಿದ್ದರು.

ಆ ಅಂಗಡಿಯ ಜಾಹೀರಾತು ತೆಗೆಯಲು ಹೋದ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಅವನನ್ನು ಕ್ಯಾಮೆರಾದ ಕಿಂಡಿಯಲ್ಲಿ ನೋಡಿದೆ. ಬೇಕಾದ್ದು ಹತ್ತು ಸೆಕೆಂಡು, ತೆಗೆದದ್ದು ಎರಡು ಟೇಪು. ಆಮೇಲೂ ಆಫೀಸಿನಲ್ಲಿ ಯಾರೂ ಇಲ್ಲದಾಗ ಅದನ್ನು ಹಾಕಿಕೊಂಡು ನೋಡುತ್ತಿದ್ದೆ. ಅವನು ಕಣ್ಣೆತ್ತುವ ಕ್ಷಣ ಟೇಪಿನಲ್ಲಿ ಎಲ್ಲಿ ಬರುತ್ತದೆಂದು ನೋಡದೆಯೇ ಹೇಳಬಲ್ಲವನಾಗಿದ್ದೆ.

ಸ್ನೇಹವಾಯಿತು. ಮಂಗಳವಾರ ಅವನ ಅಂಗಡಿಗೆ ರಜೆ. ನಾನೂ ಏನಾದರೊಂದು ನೆಪ ಹೇಳಿ ಬಿಡುವು ಮಾಡಿಕೊಳ್ಳುತ್ತಿದ್ದೆ. ಇಬ್ಬರೂ ಮೈಸೂರಿಗೆ ಹೋಗಿ ಒಂದು ಸಿನಿಮಾ, ಒಂದು ಮಸಾಲೆ ದೋಸೆ, ಮತ್ತೆ ಬಸ್ಸು. ಒಮ್ಮೆ ವಾಪಸು ಬರುವಾಗ ಅವನಿಗೆ ನಿದ್ದೆ ಬಂದು ತಲೆ ನನ್ನ ಹೆಗಲಿಗೆ ವಾಲಿತು. ತಾಂಡವಪುರ ಬಂತು. ಎಬ್ಬಿಸಬೇಕಾಗಿತ್ತು, ನಾನು ಎಬ್ಬಿಸಲಿಲ್ಲ. ನಂಜನಗೂಡಿನಲ್ಲಿ ಕಣ್ಣುಬಿಟ್ಟು, 'ನಮ್ಮೂರು ಓಯ್ತಲ್ಲೋ! ಯಾಕ್ಲಾ ಎಬ್ಬಿಸ್ನಿಲ್ಲ?' ಎಂದ. 'ನಂಗೂ ನಿದ್ದೆ ಬಂದ್ಬುಟ್ಟಿತ್ತು' ಎಂದೆ. ಅವನು ನನ್ನ ಮುಖವನ್ನೇ ನೋಡಿ ನಕ್ಕ. ನಮ್ಮಿಬ್ಬರ ನಡುವೆ ನಡೆದದ್ದು ಅಷ್ಟೇ. ಬಾಯಿಬಿಟ್ಟು ನಾನೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ಆದರೆ ಮಂಗಳವಾರಕ್ಕಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಆ ಹೊತ್ತಿನಲ್ಲೇ ಮಂಚದಂಗಡಿಯ ಕೆಲಸ ಬಂತು. ಮಾಲೀಕರಿಗೆ ಕಾಮಿಡಿ ಬೇಕಿತ್ತು. ಇಬ್ಬರು ಗಂಡಸರು ಬಂದು ಡಬಲ್ ಕಾಟ್ ಕೇಳುತ್ತಾರೆ. ಅಂಗಡಿಯವನು 'ಹುಡುಗಿ ಎಲ್ಲಿ ಸಾ?' ಎನ್ನುತ್ತಾನೆ, ಒಬ್ಬ ಹೆಗಲ ಮೇಲಿನ ಟವೆಲನ್ನು ಸೆರಗಿನಂತೆ ಎಳೆದುಕೊಂಡು, ನಾಚಿಕೊಂಡು, 'ಇಲ್ಲೇ ಇದ್ದೀನಲ್ಲ ಕಣ್ರೀ' ಎನ್ನುತ್ತಾನೆ, ಅಂಗಡಿಯವನ ಬಾಯಿ ತೆರೆದ ಮುಖ, ನಗು, ಅಂಗಡಿಯ ವಿಳಾಸ. ಹತ್ತು ನಿಮಿಷದಲ್ಲಿ ಬರೆದೆ. ಇಬ್ಬರು ಗಂಡಸರು ಒಟ್ಟಿಗೆ ಹೋಗಿ ಮನೆಗೆ ಮಂಚ ಕೊಳ್ಳುವುದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ನೋಡಿದ್ದೆ. ಅದನ್ನೇ ತೆಗೆದು ಹಾಸ್ಯ ಮಾಡಿದೆ. ಬರೆಯುವಾಗ ನಾಚಿಕೆಯಾಗಲಿಲ್ಲ. ಒಳ್ಳೆಯ ಕೆಲಸವಾಯಿತೆಂದೇ ಅಂದುಕೊಂಡೆ.

ನಾಚುವ ಪಾತ್ರಕ್ಕೆ ನಾಟಕದ ಕೆಂಪಣ್ಣನನ್ನು ಕರೆಸಿದ್ದೆವು. ಭೀಮ, ದುರ್ಯೋಧನರನ್ನು ಆಡಿ ಅಭ್ಯಾಸವಾದ ಮನುಷ್ಯ; ಟವೆಲ್ ಎಳೆದುಕೊಂಡರೆ ಗದೆ ಎತ್ತಿದ ಹಾಗಿರುತ್ತಿತ್ತು. ಆರು ಸಲ ಮಾಡಿದ, ಆರು ಸಲವೂ ಕೆಟ್ಟಿತು. ಮಂಚದಂಗಡಿಯ ಮಾಲೀಕರು ಗಡಿಯಾರ ನೋಡತೊಡಗಿದರು. 'ನೀನೇ ಒಂದ್ಸಲಿ ತೋರ್ಸ್ಲಾ ರುದ್ರ' ಎಂದರು ಮಾದಪ್ಪನವರು. ನಾನು ಟವೆಲ್ ತೆಗೆದುಕೊಂಡೆ. ಎಡ ಹೆಗಲಿಗೆ ಬಿಟ್ಟೆ, ಎರಡು ಬೆರಳಿನಿಂದ ಅಂಚು ಸವರಿದೆ, ಕತ್ತು ವಾಲಿಸಿದೆ, ಒಂದು ಗಳಿಗೆ ತಡೆದು ಕಣ್ಣೆತ್ತಿದೆ. ಅಲ್ಲಿದ್ದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ನಕ್ಕು ಮುಗಿಸಿದ ಮಾದಪ್ಪನವರು ನನ್ನನ್ನೇ ಒಂದು ಥರ ನೋಡಿದರು. 'ಅಬ್ಬಬ್ಬ! ಅಚ್ಚುಕಟ್ಟಾಗಿ ಬತ್ತದಲ್ಲೋ ನಿಂಗೆ. ಎಲ್ ಕಲ್ತೆ ಇದ್ನ?'

ಆ ಪ್ರಶ್ನೆಗೆ ಹೆದರಿಯೇ ಅಷ್ಟು ವರ್ಷ ಕಳೆದಿದ್ದೆ. 'ನಾನೆಲ್ಲಿ ಕಲೀಲಿ ಸಾ? ಸೀರೆ ಅಂಗಡಿ ಶ್ರೀಕಂಠನ್ನ ನೋಡಿಲ್ವಾ ನೀವು, ಅವ್ನು ಮಾಡೋದೇ ಹಿಂಗೆ' ಎಂದೆ. ಬಾಯಿಗೆ ಬಂದ ಮೊದಲ ಹೆಸರು ಅದೇ. ಎಲ್ಲರೂ 'ಓ, ಅವ್ನಾ!' ಎಂದು ಮತ್ತೆ ನಕ್ಕರು. ಕೆಂಪಣ್ಣನಿಗೂ ಗೊತ್ತಾಗಿಹೋಯಿತು, ಯಾರನ್ನು ಅನುಕರಿಸಬೇಕೆಂದು ತಿಳಿದ ಮೇಲೆ ಅವನು ಒಂದೇ ಸಲಕ್ಕೆ ಚೆನ್ನಾಗಿ ಮಾಡಿದ. ನನಗೆ ಜೀವ ಬಂದಂತಾಯಿತು.

ಜಾಹೀರಾತು ದಿನಕ್ಕೆ ಇಪ್ಪತ್ತು ಸಲ ಓಡಿತು. ವಾರದೊಳಗೆ ಮಾಂಸದಂಗಡಿಯಿಂದ ಹಿಡಿದು ತಾಂಡ್ಯದ ಫ್ಯಾಕ್ಟರಿ ಬಸ್ಸಿನವರೆಗೆ ಎಲ್ಲರ ಬಾಯಲ್ಲೂ 'ಇಲ್ಲೇ ಇದ್ದೀನಲ್ಲ ಕಣ್ರೀ'. ಅದು ಶ್ರೀಕಂಠನೇ ಎಂಬ ಮಾತೂ ಅದರ ಜೊತೆಗೇ ಹೋಯಿತು. ಸೀರೆ ಅಂಗಡಿಯ ಮುಂದೆ ನಿಂತು ಟವೆಲ್ ಎಳೆದುಕೊಂಡು ತೋರಿಸುವವರು ಹುಟ್ಟಿಕೊಂಡರು. ಗಿರಾಕಿ ಹೆಂಗಸರು ಅವನು ಸೆರಗು ಹಾಕಿಕೊಂಡ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕೆನ್ನುತ್ತಿದ್ದರಂತೆ. ಒಬ್ಬ ಗಂಡ ಹೆಂಡತಿಯನ್ನು ಅವನ ಮುಂದಿನಿಂದ ಎಬ್ಬಿಸಿಕೊಂಡು ಹೋದನಂತೆ. ಅಂಗಡಿಯವರು ಅವನನ್ನು ಹಿಂದಿನ ಗೋಡೌನಿಗೆ ಹಾಕಿದರು, ಬೇಲು ಬಿಚ್ಚಿ ಸೀರೆ ಮಡಿಸುವುದಕ್ಕೆ.

ಒಂದು ದಿನ ಅವನು ಮಹಡಿ ಹತ್ತಿ ಬಂದ. ಕೈಯಲ್ಲಿ ಅಂಗಡಿಯ ಹಬ್ಬದ ಪ್ರಕಟಣೆಯ ಚೀಟಿ ಇತ್ತು. ಚೀಟಿ ಕೊಡಲು ಹುಡುಗರಿದ್ದರು, ಅವನೇ ಬರಬೇಕಾಗಿರಲಿಲ್ಲ. ಚೀಟಿ ಮೇಜಿನ ಮೇಲಿಟ್ಟು, ಕಿಟಕಿಯ ಗೋಣಿಚೀಲ ನೋಡುತ್ತ, 'ಆ ಮಂಚದ್ದು ಇನ್ನೆಷ್ಟು ದಿನ ಓಡ್ತದೆ?' ಎಂದು ಕೇಳಿದ.

'ಹಬ್ಬ ಮುಗ್ಯೋಗಂಟ' ಎಂದೆ.

'ಅಲ್ಲೀಗಂಟ ತಡ್ಕಳಕ್ಕೆ ಆಯ್ತದಾ ಅಂತ ನೋಡ್ತೀನಿ' ಎಂದು ಹೇಳಿ ಇಳಿದು ಹೋದ. ಅಷ್ಟೂ ವರ್ಷಗಳಲ್ಲಿ ಆ ಬಗೆಯ ಹಾಸ್ಯದ ಮೇಲೆ ನಮ್ಮ ಆಫೀಸಿಗೆ ಬಂದ ದೂರು ಅದೊಂದೇ. ನಾನು ಎದ್ದು ಹಿಂದೆ ಹೋಗಲಿಲ್ಲ. ಆ ಮಂಗಳವಾರ ಮೈಸೂರಿಗೂ ಹೋಗಲಿಲ್ಲ. ಅವನ ಜೊತೆ ಕಾಣಿಸಿಕೊಂಡರೆ ನನ್ನ ಮೇಲೂ ಬರುತ್ತದೆಂಬ ಭಯ.

ಆದರೂ ಏನಾದರೂ ಮಾಡಬೇಕೆಂದು ಹೊರಟೆ. ಟಿ. ನರಸೀಪುರದ ಸೀರೆ ಅಂಗಡಿಯೊಂದಕ್ಕೆ ಪಳಗಿದ ಕೈ ಬೇಕಿತ್ತು. ಮಾತಾಡಿ ಅವನಿಗೆ ಅಲ್ಲಿ ಕೆಲಸ ಗೊತ್ತು ಮಾಡಿದೆ. 'ಅಲ್ಲಿ ನಿನ್ನ ಗುರ್ತು ಯಾರ್ಗೂ ಇರಲ್ಲ, ನೆಮ್ಮದಿಯಾಗಿರು' ಎಂದೆ. ಅವನು ಒಂದು ಟ್ರಂಕು ಹಿಡಿದು ಹೋದ. ಅವನು ಹೋದ ಮರುದಿನವೇ ಆ ಜಾಹೀರಾತನ್ನು ವಿಸಿಆರ್‌ಗಳ ಜಾಗಕ್ಕೆ ಬಂದಿದ್ದ ಕಂಪ್ಯೂಟರಿನಿಂದ ಅಳಿಸಿ, ಮೂಲ ಟೇಪಿನ ಮೇಲೆ ಯಾರದೋ ಮದುವೆ ಚಿತ್ರೀಕರಿಸಿಬಿಟ್ಟೆ. ಮಾದಪ್ಪನವರಿಗೆ ಹಾರ್ಡ್ ಡಿಸ್ಕ್ ಕೆಟ್ಟಿತು ಎಂದೆ. ಅವರು ಬೈದರು, ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಒಳಗೊಳಗೇ ದೊಡ್ಡ ತ್ಯಾಗ ಮಾಡಿದವನ ಜಂಬವಿತ್ತು.

ನಮ್ಮ ಕೆಲಸದ ರೀತಿಯನ್ನು ಇಲ್ಲಿ ಹೇಳಬೇಕು. ಟಿ. ನರಸೀಪುರದ ಕಂಟ್ರೋಲ್ ರೂಮು ಬೇರೆ. ಅಲ್ಲಿ ಸಿದ್ದರಾಜು ಎಂಬ ಆಪರೇಟರ್ ಇದ್ದ. ಪ್ರತಿ ಶನಿವಾರ ಹೊಸ ಜಾಹೀರಾತುಗಳ ಸಿ.ಡಿ.ಯನ್ನು ಪೇಪರಿನಲ್ಲಿ ಸುತ್ತಿ ಬಸ್ ಕಂಡಕ್ಟರ ಕೈಗೆ ಕೊಡುತ್ತಿದ್ದೆವು, ಸಿದ್ದರಾಜು ಸ್ಟ್ಯಾಂಡಿಗೆ ಬಂದು ಇಸಿದುಕೊಳ್ಳುತ್ತಿದ್ದ. ಹೊಸದನ್ನು ಸೇರಿಸಿಕೊಂಡು ಹಳೆಯದನ್ನೂ ಓಡಿಸುತ್ತಿದ್ದ. ಯಾವುದನ್ನಾದರೂ ನಿಲ್ಲಿಸಬೇಕಿದ್ದರೆ ನಾವೇ ಫೋನು ಮಾಡಿ ಹೇಳಬೇಕಿತ್ತು. ನಾನು ಫೋನು ಮಾಡಲಿಲ್ಲ. ಮರೆತೆ. ಬೇರೆ ಕಾರಣವೇನೂ ಇಲ್ಲ. ಇಲ್ಲಿ ಅಳಿಸಿದ ಖುಷಿಯಲ್ಲಿ ಅಲ್ಲೊಂದು ಸಿ.ಡಿ. ಇದೆ ಎಂಬುದೇ ತಲೆಗೆ ಹೊಳೆಯಲಿಲ್ಲ.

ಮೂರು ತಿಂಗಳಾದ ಮೇಲೆ ಅಲ್ಲಿನ ಮಿಷನ್ನೊಂದು ಕೆಟ್ಟಿತೆಂದು ಹೋದೆ. ಸಿದ್ದರಾಜು ಟೀ ತರಿಸಿದ. 'ಸಾ, ನಿಮ್ ಮಂಚದ ಆ್ಯಡು ಇಲ್ಲಿ ಸೂಪರ್ ಹಿಟ್ಟು' ಎಂದ. ನಾನು ಟೀ ಲೋಟ ಕೆಳಗಿಟ್ಟೆ. 'ಇನ್ನೂ ಓಡುಸ್ತಿದ್ದೀಯಾ?' ಎಂದೆ. 'ನಿಲ್ಸು ಅಂತ ನೀವೆಲ್ ಏಳುದ್ರಿ? ಇನ್ನೊಂದ್ ತಮಾಸೆ ಕೇಳಿ. ಅದರ ಒರಿಜಿನಲ್ ಆಸಾಮಿನೇ ನಮ್ಮೂರ್ಗೆ ಬಂದವ್ನೆ! ಮಾದಪ್ಪನೋರೇ ಏಳುದ್ರು. ಅವ್ನು ಕೆಲ್ಸಕ್ಕೆ ಸೇರಿದ್ ದಿನ್ವೇ ಅಂಗಡಿ ಟೀವಿಲಿ ಅದೇ ಬಂತಂತೆ, ಗಿರಾಕಿಗಳೆಲ್ಲ ಬಿದ್ದು ಬಿದ್ದು ನಕ್ಕುದ್ರಂತೆ.'

ಅದನ್ನು ಆಗಲೇ ನನ್ನ ಕೈಯಾರೆ ನಿಲ್ಲಿಸಿದೆ. ಸಿ.ಡಿ.ಯನ್ನು ಮುರಿದು ಜೇಬಿಗೆ ಹಾಕಿಕೊಂಡೆ. ಶ್ರೀಕಂಠನ ಅಂಗಡಿ ಅಲ್ಲಿಂದ ಎರಡೇ ಬೀದಿ ಆಚೆ ಇತ್ತು. ನಾನು ಅತ್ತ ಹೋಗಲಿಲ್ಲ. ಬಸ್ಸು ಹತ್ತಿ ವಾಪಸು ಬಂದೆ, ಮತ್ತೆ ಆ ಊರಿನ ಕೆಲಸವೆಂದರೆ ಬೇರೆ ಯಾರನ್ನಾದರೂ ಕಳಿಸುತ್ತಿದ್ದೆ.

ಆಮೇಲಿನ ವರ್ಷಗಳು ಹೇಗೆ ಹೋದವೆಂದು ಕೇಳಿದರೆ ಹೇಳಲು ಹೆಚ್ಚೇನಿಲ್ಲ. ಸಿ.ಡಿ. ಹೋಗಿ ಪೆನ್ ಡ್ರೈವ್ ಬಂತು. ಜನ ಕೇಬಲ್ ಬಿಟ್ಟು ಫೋನಿಗೆ ಹೋದರು. ಮಾದಪ್ಪನವರು ತೀರಿಕೊಂಡರು, ಅವರ ಮಕ್ಕಳು ಕೇಬಲ್ ಮಾರಿದರು, ಎರಡು ವರ್ಷದ ಹಿಂದೆ ನನಗೊಂದು ಶಾಲು ಹೊದಿಸಿ ಕಳಿಸಿದರು. ನನ್ನ ಹಾಸ್ಯ ಮಾತ್ರ ಸಪ್ಪಗಾಗಿ ಬಹಳ ಕಾಲವಾಗಿತ್ತು. ಬಳುಕುವವನನ್ನು ನಾನು ಮತ್ತೆ ಬರೆಯಲಿಲ್ಲ. ಏಕೆಂದು ಯಾರೂ ಕೇಳಲೂ ಇಲ್ಲ.

ನಿವೃತ್ತನಾದ ಮೇಲೆ ಒಂದು ಸಂಜೆ ಟೀವಿಯಲ್ಲಿ ಯಾವುದೋ ದೊಡ್ಡ ಕಂಪನಿಯ ಜಾಹೀರಾತು ಬಂತು. ಇಬ್ಬರು ಗಂಡಸರು ಒಂದು ಮನೆಯಲ್ಲಿ ಕಾಫಿ ಮಾಡಿಕೊಂಡು ಕುಡಿಯುತ್ತಾರೆ. ಒಬ್ಬನ ತಾಯಿ ಬಂದು ಕೂರುತ್ತಾಳೆ, ಅವಳಿಗೂ ಒಂದು ಕಪ್ಪು ಕೊಡುತ್ತಾರೆ. ಕಸುಬಿನ ಅಭ್ಯಾಸ, ನಾನು ನಗು ಎಲ್ಲಿ ಬರುತ್ತದೆಂದು ಕಾಯುತ್ತಿದ್ದೆ. ಈಗ ತಾಯಿಯ ಬಾಯಿ ತೆರೆದ ಮುಖಕ್ಕೆ ಕತ್ತರಿಸುತ್ತಾರೆ, ಈಗ ಕತ್ತರಿಸುತ್ತಾರೆ ಎಂದುಕೊಂಡೆ. ತಾಯಿ ಕಾಫಿಗೆ ಸಕ್ಕರೆ ಕಮ್ಮಿ ಎಂದಳು, ಜಾಹೀರಾತು ಮುಗಿಯಿತು. ನಾನು ಒಬ್ಬನೇ ಕೂತು ಅತ್ತೆ.

ಅದಾಗಿ ಸ್ವಲ್ಪ ದಿನಕ್ಕೆ ಚೈತ್ರಾ ಬಂದಳು. ಅಂಗಡಿಗಳಿಗೆ ರೀಲ್ಸ್ ಮಾಡಿಕೊಡುವ ಹುಡುಗಿ, ಚುರುಕು, ನನಗೆ ಅವಳನ್ನು ಕಂಡರೆ ಮೆಚ್ಚುಗೆ. 'ಅಂಕಲ್, ನಿಮ್ಮ ಮಂಚದ ಆ್ಯಡ್ ರೀಮೇಕ್ ಮಾಡೋಣ. ಆ ಡೈಲಾಗ್ ನಮ್ಮಪ್ಪ ಇವತ್ತಿಗೂ ಹೇಳ್ತಾರೆ. ಒರಿಜಿನಲ್ ಎಲ್ಲೂ ಸಿಗ್ತಿಲ್ಲ, ಆ ಆ್ಯಕ್ಷನ್ ಹೆಂಗಿತ್ತು ಅಂತ ನೀವೇ ತೋರಿಸ್ಬೇಕು' ಎಂದಳು. ಬೇಡವೆಂದೆ. ಅವಳಿಗೆ ಅರ್ಥವಾಗಲಿಲ್ಲ. 'ಯಾಕೆ ಅಂಕಲ್? ಅದು ನಿಮ್ಮದೇ ಅಲ್ವಾ?'

ನನ್ನದಲ್ಲ ಎಂದೆ. 'ಹಾಗಾದ್ರೆ ಯಾರದ್ದೋ ಅವರನ್ನ ಒಂದ್ಮಾತು ಕೇಳ್ಕೊಂಡ್ ಬನ್ನಿ' ಎಂದು ಅವಳು ಸಲೀಸಾಗಿ ಹೇಳಿದಳು. ಒಪ್ಪಿಗೆ ಕೇಳಲು ನಾನು ಹೊರಡಲಿಲ್ಲ. ಕೇಳಬೇಕಾದ್ದು ಬೇರೆಯೇ ಇತ್ತು, ಅದನ್ನು ಹತ್ತೊಂಬತ್ತು ವರ್ಷದಿಂದ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಟಿ. ನರಸೀಪುರದ ಬಸ್ಸು ಹತ್ತಿದೆ.

ಶ್ರೀಕಂಠ ಸೀರೆ ಅಂಗಡಿ ಬಿಟ್ಟು ಬಹಳ ಕಾಲವಾಗಿತ್ತಂತೆ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಚಿಕ್ಕ ಮಳಿಗೆ, ಸೀರೆಗೆ ಫಾಲ್ ಹೊಲಿದು ಕುಚ್ಚು ಕಟ್ಟಿಕೊಡುತ್ತಾನೆಂದು ವಿಚಾರಿಸಿ ತಿಳಿದೆ. ತಲೆ ಪೂರ್ತಿ ನರೆತಿತ್ತು. ಮೂಗಿನ ತುದಿಗೆ ಕನ್ನಡಕ. ನಾನು ಬಾಗಿಲಲ್ಲಿ ನಿಂತೆ. ಅವನು ಕನ್ನಡಕದ ಮೇಲಿನಿಂದ ನೋಡಿ, ಹೋದ ವಾರವಷ್ಟೇ ಕಂಡವನ ಹಾಗೆ, 'ಬಾರೋ ರುದ್ರ' ಎಂದ. 'ಸೀರೆ ಮೇಲೆ ಕೂತ್ಬುಟ್ಟೀಯ, ಅತ್ಲಾಗಿ ಸರಿ.'

ಟೀ ತರಿಸಿದ. ಅಣ್ಣನ ಬಗ್ಗೆ ಕೇಳಿದ, ಮಾದಪ್ಪನವರು ಹೋದದ್ದು ಗೊತ್ತಾಯಿತು ಎಂದ. ಮದುವೆಯಾಗಲಿಲ್ಲ, ಅಕ್ಕನ ಮಗಳ ಮನೆಯ ಪಕ್ಕದಲ್ಲೇ ಒಂದು ಕೋಣೆ ಮಾಡಿಕೊಂಡಿದ್ದೇನೆ, ಒಬ್ಬನೇ ಬೇಯಿಸಿಕೊಳ್ಳುತ್ತೇನೆ ಎಂದ. ಮಾತಾಡುತ್ತಲೇ ಸೂಜಿ ಓಡುತ್ತಿತ್ತು. ನಾನು, 'ಆ ಮಂಚದ ಜಾಹೀರಾತಿನ ವಿಷ್ಯ...' ಎಂದು ಶುರು ಮಾಡಿದೆ.

'ಅದ್ನ ಕೆಂಪಣ್ಣಂಗೆ ಕಲ್ಸಿದ್ದು ನೀನೇ ಅಂತ ಮೊದಲ್ನೇ ದಿನ್ವೇ ಗೊತ್ತಾಯ್ತು ಕಣೋ' ಎಂದ ಶ್ರೀಕಂಠ. 'ಆ ದುರ್ಯೋಧನಂಗೆ ಅದೆಲ್ಲ ಎಲ್ ಬಂದದು? ಎರಡು ಬೆಳ್ಳಲ್ಲಿ ಸವರೋದು, ಒಸಿ ತಡೆದು ಕಣ್ಣೆತ್ತೋದು. ನಾನು ಅಂಗ್ ಮಾಡ್ತೀನಿ ಅಂತ ನಂಗೇ ಗೊತ್ತಿರ್ನಿಲ್ಲ.'

'ಕೋಪ ಬರ್ಲಿಲ್ವಾ?'

'ಬರ್ದೆ ಇದ್ದದಾ? ಊರೋರೆಲ್ಲ ನಗೋವಾಗ ಸತ್ತೋಗನಾ ಅನ್ನಿಸ್ತಿತ್ತು.' ಸೂಜಿಗೆ ದಾರ ಪೋಣಿಸಿಕೊಂಡ. 'ಆದ್ರೆ ಒಂದ್ ಮಾತು ಏಳ್ತೀನಿ, ನಗ್ಬೇಡ. ಮನೇಲಿ ಒಬ್ನೇ ಕೂತಿರೋವಾಗ, ಇಷ್ಟು ಸೂಕ್ಷ್ಮವಾಗಿ ನನ್ನ ನೋಡವ್ನಲ್ಲ ಇವ್ನು, ಅನ್ನಿಸ್ತಿತ್ತು. ಅಷ್ಟು ನನ್ನ ಇನ್ಯಾರು ನೋಡವ್ರೆ ಏಳು? ಅದೊಂದ್ನೇ ಮನಸ್ನಾಗೆ ಮಡೀಕೊಂಡು ಇಷ್ಟ್ ವರ್ಸ ಕಳ್ದೆ ಕಣ್ಲಾ. ನೀನೇನೋ ಕಲ್ಸ್ದೆ. ಜನಕ್ಕೆ ಕಣ್ಣಿತ್ತು, ಗುರ್ತು ಇಡಿದ್ರು. ಅದ್ಕೆ ನೀನೇನ್ ಮಾಡೀಯ?'

ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದರೆ ಮುಂದಿನ ಮಂಗಳವಾರವೂ ಬರಬಹುದು, ಅದರ ಮುಂದಿನದಕ್ಕೂ ಬರಬಹುದು, ಇಬ್ಬರೂ ಹೀಗೇ ಟೀ ಕುಡಿಯಬಹುದು ಎಂದು ಆ ಕ್ಷಣದಲ್ಲೇ ಲೆಕ್ಕ ಹಾಕಿಬಿಟ್ಟಿದ್ದೆ. ಅಷ್ಟು ಆಸೆಯಾಯಿತು. ಆದರೆ ಅವನು ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಸುಳ್ಳಿನ ಮೇಲೆ ನಿಂತಿದೆ ಎಂದು ಗೊತ್ತಿದ್ದೂ ಅವನ ಟೀ ಕುಡಿಯಲು ನನಗಾಗಲಿಲ್ಲ.

'ಜನ ಗುರ್ತು ಹಿಡೀಲಿಲ್ಲ ಶ್ರೀಕಂಠ' ಎಂದೆ. 'ನಾನೇ ನಿನ್ನ ಹೆಸರು ಹೇಳ್ದೆ. ಎಲ್ ಕಲ್ತೆ ಅಂತ ಮಾದಪ್ಪನೋರು ಕೇಳಿದ್ರು. ಎಲ್ರೂ ನನ್ನನ್ನೇ ನೋಡ್ತಿದ್ರು. ನಿನ್ನ ಹೆಸರು ಹೇಳ್ಬುಟ್ಟೆ.'

ಸೂಜಿ ನಿಂತಿತು. 'ಯಾಕೆ?' ಎಂದ.

'ನನ್ನ ಮೇಲೆ ಬರದೇ ಇರ್ಲಿ ಅಂತ.'

ಅವನು ದಾರವನ್ನು ಹಲ್ಲಿನಲ್ಲಿ ಕಡಿದ. ಸೀರೆಯನ್ನು ತೊಡೆಯ ಮೇಲಿನಿಂದ ತೆಗೆದು, ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆ ಮಾಡಿ, ಅಂಗೈಯಿಂದ ಒತ್ತಿ ಪಕ್ಕಕ್ಕಿಟ್ಟ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದ. ಆಮೇಲೆ ಬೀದಿಯ ಕಡೆ ನೋಡುತ್ತ, 'ಬಸ್ಸು ಎಷ್ಟೊತ್ಗೆ ನಿಂಗೆ?' ಎಂದು ಕೇಳಿದ.

ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಈಗಲೇ ಇದೆ ಎಂದೆ.